ಒಕಿನಾವಾದಲ್ಲಿ ಬ್ಯಾಗು ಕಾದ ದೊಡ್ಡಮ್ಮ

ಮೊನ್ನೆ ಶಿವಾಜಿನಗರದ ಅಂಗಡಿಯೊಂದರಲ್ಲಿ ಬ್ಯಾಗಿಗೆ ಜಿಪ್ ಹಾಕಿಸಲು ನಿಂತಿದ್ದಾಗ ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಜಪಾನಿನ ಒಕಿನಾವಾಕ್ಕೆ ಹೋಗಿದ್ದಾಗ ಅವರ ತೊಡೆಯಿಂದ ಇಳಿಯದ ಕಪ್ಪು ಬ್ಯಾಗಿಗೂ ಇದೇ ವಾಸನೆಯಿತ್ತು...

ಕೃಷ್ಣರಾಜಪುರದಲ್ಲಿ ಅವರದು ರಾಗಿ ಬೆಳೆಯುತ್ತಿದ್ದ ಮನೆತನ. ಎರಡು ಸಾವಿರದ ಇಸವಿಯ ಈಚೆಗೆ ಹೊಲವೆಲ್ಲ ಲೇಔಟ್ ಆಯಿತು, ಅವರ ಯಜಮಾನರಿಗೆ ವಿದೇಶ ನೋಡುವ ಹಂಬಲ ಹತ್ತಿತು. ಸಿಂಗಪುರವನ್ನು ಬೀದಿಯವರೆಲ್ಲ ನೋಡಿಯಾಗಿತ್ತು. ಜಪಾನ್ ಎಂದರೆ ಚಳಿಯ ಭಯ. ಅದರ ದಕ್ಷಿಣದ ದ್ವೀಪಗಳಲ್ಲಿ ನಮ್ಮ ಹಾಗೆಯೇ ಬಾಳೆ, ಪರಂಗಿ ಬೆಳೆಯುತ್ತವೆ ಎಂದು ಟ್ರಾವೆಲ್ಸ್‌ನವನು ಹೇಳಿದ್ದೇ ತಡ, ಮನೆಮಂದಿಯೆಲ್ಲ ಹೊರಟರು. ಅಪ್ಪನ ಸ್ನೇಹದಿಂದ ನಾವೂ ಅಂಟಿಕೊಂಡೆವು. ನಾನಾಗ ಕಾಲೇಜು ಹುಡುಗಿ.

ಎಲ್ಲರ ಪಾಸ್‌ಪೋರ್ಟೂ ಇದ್ದ ಬ್ಯಾಗು ದೊಡ್ಡಮ್ಮನ ಪಾಲಿಗೆ ಬಂತು. ಇಲ್ಲಿ ಕಳ್ಳತನವೇ ಇಲ್ಲ ಎಂದು ಗೈಡ್ ಹುಡುಗಿ ಎಷ್ಟು ಹೇಳಿದರೂ ಯಜಮಾನರು ಕೇಳಲಿಲ್ಲ.

"ನೀನಿಲ್ಲೇ ಕೂತ್ಕೊ. ಬ್ಯಾಗು, ಚಪ್ಪಲಿ ನೋಡ್ಕೊ. ನಿನ್ ಕೈಲಿದ್ರೆ ಲಾಕರ್‌ನಲ್ಲಿ ಇಟ್ಟಂಗೆ."

ಆ ಹೊಗಳಿಕೆಯೇ ಅವರಿಗೆ ಬೀಗವಾಯಿತು. ಕಡಲಂಚಿನ ಬಂಡೆಯ ಮೇಲಿನ ಗುಡಿ, ಕೆಂಪು ಹೆಂಚಿನ ಅರಮನೆ, ಬಾಗಿಲಲ್ಲಿ ಬಾಯ್ತೆರೆದ ಕಲ್ಲಿನ ಸಿಂಹಗಳು... ಎಲ್ಲಿ ಹೋದರೂ ದೊಡ್ಡಮ್ಮ ಹೊರಗಿನ ಕಟ್ಟೆಯ ಮೇಲೆ, ನಮ್ಮ ಚಪ್ಪಲಿಗಳ ನಡುವೆ. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅನ್ನುತ್ತಾರಲ್ಲ, ಹಾಗೆ. ನಾವು ಹೊರಬಂದ ಕೂಡಲೇ ಆಸೆಯಿಂದ ಕೇಳುವರು: "ಒಳಗೆ ಹೆಂಗಿತ್ತಮ್ಮ? ದೇವ್ರು ನಿಂತಿದ್ನಾ, ಕೂತಿದ್ನಾ?" ನನಗೆ ಯಜಮಾನರ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಕೊನೆಯ ದಿನ ದೇವರ ಬನವೊಂದಕ್ಕೆ ಹೋದೆವು. ಗುಡಿಯಿಲ್ಲ, ಮೂರ್ತಿಯಿಲ್ಲ. ಆಲದಂಥ ಮರಗಳು, ಬೇರು ಹಬ್ಬಿದ ಬಂಡೆಗಳು. ಹಿಂದೆ ಇಲ್ಲಿ ಪೂಜೆಯೆಲ್ಲ ಹೆಂಗಸರದೇ, ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ ಎಂದಳು ಗೈಡ್. ಯಜಮಾನರು ನಕ್ಕುಬಿಟ್ಟರು.

"ಹಂಗಾದ್ರೆ ಇವತ್ತು ನಾನೇ ಕಾಯ್ತೀನಿ. ಹೋಗ್ಬಾ ನೀನು" ಎಂದು ಬ್ಯಾಗು ತೆಗೆದುಕೊಂಡರು.

ನನಗೆ ಹಿಡಿಸಲಾರದಷ್ಟು ಸಂತೋಷ. ದೊಡ್ಡಮ್ಮನ ಕೈ ಹಿಡಿದು ಹೊರಟೆ. ಆದರೆ ಬರಿಗೈಯಲ್ಲಿ ನಡೆಯುವುದೇ ಅವರಿಗೆ ಮರೆತುಹೋದಂತಿತ್ತು, ಹೆಜ್ಜೆಹೆಜ್ಜೆಗೂ ಹಿಂದೆ ತಿರುಗುವರು. ಮುಂದೆ ಎರಡು ಭಾರೀ ಬಂಡೆಗಳು ಒಂದಕ್ಕೊಂದು ಒರಗಿ, ನಡುವೆ ಒಬ್ಬರು ನುಸುಳುವಷ್ಟು ದಾರಿ ಬಿಟ್ಟಿದ್ದವು. ಅದರಾಚೆಗೇ ಪೂಜೆಯ ಜಾಗ. ಅಲ್ಲಿಗೆ ಬಂದು ದೊಡ್ಡಮ್ಮ ನಿಂತುಬಿಟ್ಟರು.

"ಅವ್ರು ಯಾರ್ಜೊತೆನೋ ಮಾತಾಡ್ತಾ ಬ್ಯಾಗು ಮರ್ತು ಎದ್ದೋಗ್ಬಿಡ್ತಾರೆ ಕಣಮ್ಮ. ನೀನು ನೋಡ್ಕೊಂಡು ಬಾ."

ಕೈ ಬಿಡಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದರು. ಎಷ್ಟು ಕೂಗಿದರೂ ನಿಲ್ಲಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ನನ್ನನ್ನು ಹತ್ತಿರ ಕರೆದು ಕೇಳಿದರು, "ಆ ಬಂಡೆ ಆಚೆ ಏನಿತ್ತಮ್ಮ?"

"ಸಮುದ್ರ, ದೊಡ್ಡಮ್ಮ."

"ಅಷ್ಟೇನಾ? ಅದನ್ನ ಬಸ್ಸಲ್ಲೇ ನೋಡಿದ್ನಲ್ಲ" ಎಂದು ನೆಮ್ಮದಿಯಿಂದ ಮಗ್ಗುಲಾದರು.

ಅಷ್ಟೇ ಆಗಿರಲಿಲ್ಲ. ಅಲ್ಲಿ ನಿಂತರೆ ಸಮುದ್ರದ ನಡುವೆ ಒಂದು ಪುಟ್ಟ ದ್ವೀಪ ಕಾಣುತ್ತದೆ. ದೇವರು ಮೊದಲು ಕಾಲಿಟ್ಟದ್ದು ಅಲ್ಲಿಗೆ ಎಂದು ಅಲ್ಲಿಯವರ ನಂಬಿಕೆ, ಅತ್ತ ಮುಖ ಮಾಡಿ ಹೆಂಗಸರು ಕೈಮುಗಿಯುತ್ತಿದ್ದರಂತೆ... ಆ ನೆಮ್ಮದಿ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಈಗ ದೊಡ್ಡಮ್ಮ ಇಲ್ಲ. ಆ ದ್ವೀಪವನ್ನು ನೋಡಿದವಳು ನಾನು, ನೋಡಬೇಕಾಗಿದ್ದವರು ಅವರು.