ಎಲೆಯ ಮುಂದೆ ಕೈಕಟ್ಟಿ ಕೂತ ವೀರಭದ್ರಯ್ಯ

ಟ್ರಸ್ಟ್ ಕಾಲೇಜಿನವರು ವೀರಭದ್ರಯ್ಯನಿಗೆ ಆರು ಗಾಡಿ ಕೆರೆಗೋಡು ಮಣ್ಣಿನ ಬಾಕಿ ಇನ್ನೂ ಕೊಟ್ಟಿಲ್ಲ. ಕಬಡ್ಡಿ ಹುಡುಗರು ಬಿದ್ದರೆ ಮೊಣಕಾಲು ತರಚಬಾರದೆಂದು ಅವನು ಅಮಾನಿಕೆರೆಯಿಂದ ಗೋಡು ಹೊಡೆಸಿ, ಜರಡಿ ಹಿಡಿಸಿ, ಕಾಲೇಜು ಬಯಲಲ್ಲಿ ಅಂಕಣ ಮಾಡಿಸಿಕೊಟ್ಟಿದ್ದ. ಗಾಡಿ ಬಾಡಿಗೆ ಆಮೇಲೆ ಕೊಡುತ್ತೇವೆ ಎಂದಿದ್ದರು. ಅದು ೧೯೫೭ರ ಮಾತು. ಆ ಆಮೇಲೆ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಮಣ್ಣಿನ ಬಾಕಿಗಾಗಿ ಅವನು ಯಾರ ಬಾಗಿಲಿಗೂ ಹೋಗಲಿಲ್ಲ. ಹೋದದ್ದು ಬೇರೊಂದಕ್ಕೆ.

ವೀರಭದ್ರಯ್ಯ ಗುಬ್ಬಿ ತಾಲ್ಲೂಕು ಹಾಗಲವಾಡಿ ಕಡೆಯವನು. ತುಮಕೂರಲ್ಲಿ ಸೈಕಲ್ ಶಾಪ್ ಇಟ್ಟಿದ್ದ. ಮಳಿಗೆ ಟ್ರಸ್ಟಿನದೇ. ಅವನು ಕಾಲೇಜಿನ ಕಟ್ಟಡದೊಳಗೆ ಕಾಲಿಟ್ಟದ್ದು ಪ್ರಿನ್ಸಿಪಾಲರ ಸೈಕಲ್ಲಿಗೆ ಗಾಳಿ ಹೊಡೆಯುವುದಕ್ಕೆ ಮಾತ್ರ. ಆದರೂ ಕಾಲೇಜಿನ ಕಬಡ್ಡಿ ತಂಡವನ್ನು ನಮ್ ಟೀಮು ಎನ್ನುತ್ತಿದ್ದ. ಪಂದ್ಯವಿದ್ದ ದಿನ ಅಂಗಡಿಗೆ ಬೀಗ. ಅಂಥವರು ಜಿಲ್ಲೆಯ ತುಂಬ ಇದ್ದೆವು. ಕುಣಿಗಲ್ಲಿನಿಂದ ಜಯರಾಮಯ್ಯ ಮೇಷ್ಟ್ರು ಬಸ್ಸು ಹತ್ತಿ ಬರುತ್ತಿದ್ದರು. ಮಾರ್ಕೋನಹಳ್ಳಿ ನಾಲೆ ಬದಿಯ ರೈತರು ಗದ್ದೆಗೆ ನೀರು ಕಟ್ಟುವುದನ್ನು ಹೆಂಡತಿಯರಿಗೆ ಬಿಟ್ಟು ಬರುತ್ತಿದ್ದರು. ಓದುವ ಹುಡುಗರಿಗಿಂತ ಓದಿಗೆ ಸಂಬಂಧವಿಲ್ಲದ ನಾವೇ ಹೆಚ್ಚು ಕೂಗುತ್ತಿದ್ದೆವು.

ತಂಡದ ನಾಯಕ ರುದ್ರಯ್ಯ. ವೀರಭದ್ರಯ್ಯನ ಹೆಂಡತಿ ಶಿವರುದ್ರಮ್ಮನ ತಮ್ಮ. ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದ. ಮಾತು ಕಡಿಮೆ, ಊಟ ಹೆಚ್ಚು. ಹಿಡಿದರೆ ಎತ್ತಿನ ಕಾಲನ್ನೂ ಬಿಡುತ್ತಿರಲಿಲ್ಲ. ಗುಬ್ಬಿಯ ಒಂದು ಮನೆಯ ಹುಡುಗಿಯ ಜೊತೆ ಅವನಿಗೆ ವೀಳ್ಯಶಾಸ್ತ್ರವೂ ಆಗಿತ್ತು.

೧೯೫೮ರಲ್ಲಿ ತಂಡ ಯೂನಿವರ್ಸಿಟಿ ಫೈನಲ್ ಮುಟ್ಟಿತು. ಪಂದ್ಯ ಮೈಸೂರಿನಲ್ಲಿ, ಮಂಗಳವಾರ ಮಧ್ಯಾಹ್ನ. ನಾವು ಸೋಮವಾರವೇ ಹೊರಟು ಛತ್ರದಲ್ಲಿ ಮಲಗಿ, ಬೆಳಗ್ಗೆಯೇ ಹೋಗಿ ಬಯಲಿನ ಒಳ್ಳೆಯ ಜಾಗ ಹಿಡಿದು ಕೂತೆವು. ಹುಡುಗರು ಮಂಗಳವಾರ ಮುಂಜಾನೆಯ ಬಸ್ಸಿಗೆ ಬರಬೇಕಿತ್ತು. ಬರಲಿಲ್ಲ. ಎದುರಾಳಿ ಮೈಸೂರಿನ ತಂಡವೊಂದೇ ಅಂಕಣಕ್ಕಿಳಿಯಿತು. ರೆಫರಿ ಸೀಟಿ ಊದಿದ. ಅವರ ಹುಡುಗನೊಬ್ಬ ಖಾಲಿ ಅಂಕಣದೊಳಗೆ ಕಬಡ್ಡಿ ಕಬಡ್ಡಿ ಎಂದುಕೊಂಡು ಹೋಗಿ, ಯಾರನ್ನೂ ಮುಟ್ಟದೆ ವಾಪಸು ಬಂದ. ಅವರಿಗೆ ಕಪ್ಪು ಕೊಟ್ಟರು. ವೀರಭದ್ರಯ್ಯ ಚಪ್ಪಾಳೆ ಹೊಡೆದ. ಗೆದ್ದವರಿಗೆ ಹೊಡೆಯಬೇಕಲ್ಲ ಎಂದ.

ಊರಿಗೆ ಬಂದು ವಿಚಾರಿಸಿದರೆ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಕಾಲೇಜಿನ ಬಾಗಿಲಲ್ಲಿ ಕಾದಿದ್ದರಂತೆ. ಟ್ರಸ್ಟಿನಿಂದ ಅಪ್ಪಣೆ ಬಂದಿಲ್ಲ, ಅಪ್ಪಣೆಯಿಲ್ಲದೆ ಹೋದರೆ ಕಾಲೇಜಿನಿಂದಲೇ ತೆಗೆಯುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದರಂತೆ. ಅಪ್ಪಣೆ ಯಾಕೆ ಬರಲಿಲ್ಲ ಎಂದರೆ ಅನಿವಾರ್ಯ ಕಾರಣ. ಯಾವ ಕಾರಣ ಎಂದರೆ ಅನಿವಾರ್ಯವಾದದ್ದು.

ಟ್ರಸ್ಟು ಕಾರಣ ಹೇಳದಿದ್ದರೆ ಊರು ತಾನೇ ಒಂದು ಕಾರಣ ಹುಟ್ಟಿಸುತ್ತದೆ. ವಾರದೊಳಗೆ ಕಾಫಿ ಕ್ಲಬ್ಬುಗಳಲ್ಲಿ ಕತೆ ಸಿದ್ಧವಾಯಿತು: ಮೈಸೂರಿನವರು ರುದ್ರಯ್ಯನಿಗೆ ದುಡ್ಡು ಕೊಟ್ಟರು, ಅವನು ಹುಡುಗರನ್ನು ತಡೆದ, ಟ್ರಸ್ಟಿನವರು ದೊಡ್ಡ ಮನಸ್ಸು ಮಾಡಿ ಮುಚ್ಚಿಟ್ಟಿದ್ದಾರೆ. ಕತೆ ಗುಬ್ಬಿಗೂ ತಲುಪಿತು. ಹುಡುಗಿಯ ತಂದೆ ಬಂದು, ಕೊಟ್ಟ ವೀಳ್ಯ ವಾಪಸು ಇಟ್ಟು, ನೀರೂ ಕುಡಿಯದೆ ಹೋದರು. ರುದ್ರಯ್ಯ ಅಕ್ಕನ ಮನೆಯ ಹಿತ್ತಿಲಲ್ಲಿ ಸೈಕಲ್ ಟ್ಯೂಬುಗಳನ್ನು ಉಜ್ಜುತ್ತ ಕೂತ. ಕಾಲೇಜಿಗೆ ಹೋಗಲಿಲ್ಲ. ಊಟವೂ ಕಡಿಮೆಯಾಯಿತು. ಅದನ್ನು ಕಂಡು ಶಿವರುದ್ರಮ್ಮ ಗಂಡನಿಗೆ ಹೇಳಿದಳು:

"ಟೀಮು ಟೀಮು ಅಂತ ಗಂಟ್ಲು ಹರ್ಕೊಂತಿದ್ರಲ್ಲ, ಈಗ ಹೋಗಿ ಹರ್ಕೊಳಿ. ಯಾಕೆ ಕಳಿಸ್ಲಿಲ್ಲ ಅಂತ ಅವರ ಬಾಯಲ್ಲೇ ಹೇಳಿಸ್ಕೊಂಡು ಬನ್ನಿ. ನನ್ ತಮ್ಮ ಕಳ್ಳ ಅಲ್ಲ ಅಂತ ನಾನು ಹೇಳುದ್ರೆ ಯಾರು ಕೇಳ್ತಾರೆ?"

ಹಾಗೆ ನಾವು ಹೊರಟೆವು. ಟ್ರಸ್ಟಿನ ಧರ್ಮದರ್ಶಿಗಳು ಏಳು ಜನ, ಬಾಯಿ ಒಂದೇ. ಅದು ಅಧ್ಯಕ್ಷ ಗುರುಸಿದ್ದಯ್ಯನವರದು. ಕೊಬ್ಬರಿ ಮಂಡಿಯ ಯಜಮಾನರು. ಕೆಟ್ಟ ಮನುಷ್ಯರಲ್ಲ. ಅವರ ಮನೆಗೆ ಯಾರು ಹೋದರೂ ಉಣ್ಣದೆ ಬರುವಂತಿರಲಿಲ್ಲ. ಉಂಡ ಮನೆಯಲ್ಲಿ ಕೈ ತೊಳೆದ ಮೇಲೆ ಯಜಮಾನನನ್ನು ಗದರಿಸಿ ಕೇಳುವುದು ನಮ್ಮ ಕಡೆ ನಡೆಯುವುದಿಲ್ಲ. ಊರಿನಲ್ಲಿ ಅವರ ಮೇಲೆ ಒಂದು ದೂರೂ ಇರಲಿಲ್ಲ.

ಮೊದಲ ಸಲ ಹೋದಾಗ ಜಯರಾಮಯ್ಯ ಮೇಷ್ಟ್ರು ಮಾತಾಡುವುದೆಂದು ಗೊತ್ತಾಗಿತ್ತು. ನಮಗೆ ಹೋಳಿಗೆ ಊಟ. ಮೇಷ್ಟ್ರು ಬ್ರಾಹ್ಮಣರು, ಆ ಮನೆಯ ಅನ್ನ ಉಣ್ಣುವುದಿಲ್ಲವೆಂದು ಅವರಿಗೆ ಬೇರೆ ಮಣೆ ಹಾಕಿ ಗಟ್ಟಿ ಹಾಲು, ರಸಬಾಳೆ. ಹಾಲಿಗೂ ಅನ್ನದಷ್ಟೇ ಶಕ್ತಿಯಿದೆಯೆಂದು ಆವತ್ತು ತಿಳಿಯಿತು. ಮೇಷ್ಟ್ರು ಬಾಯಿ ಒರೆಸಿಕೊಂಡು ಈ ಸಲ ಮಳೆ ಹೇಗೆ ಎಂದು ಕೇಳಿದರು. ಎರಡನೆಯ ಸಲ ವೀರಭದ್ರಯ್ಯನೇ ಕೇಳಬೇಕಿತ್ತು. ಅವನು ಮೂರು ಸಲ ಗಂಟಲು ಸರಿ ಮಾಡಿಕೊಂಡು ಕೊನೆಗೆ ಗೊಜ್ಜು ಚೆನ್ನಾಗಿತ್ತು ಎಂದ. ಎಲೆಅಡಿಕೆ ಹಾಕಿಕೊಂಡು ಬಂದೆವು. ಶಿವರುದ್ರಮ್ಮ ನಮ್ಮೆಲ್ಲರ ಕೆಂಪು ಬಾಯಿ ನೋಡಿ ಒಳಗೆ ಹೋದಳು.

ಮೂರನೆಯ ಸಲಕ್ಕೆ ವೀರಭದ್ರಯ್ಯ ಒಂದು ಉಪಾಯ ಮಾಡಿದ. ಸೋಮವಾರ ಹೋಗೋಣ, ಸೋಮವಾರ ನಮಗೂ ಉಪವಾಸ, ಅವರಿಗೂ ಉಪವಾಸ, ಊಟದ ಮಾತೇ ಇರುವುದಿಲ್ಲ ಎಂದ. ಒಳ್ಳೆಯ ಉಪಾಯವೆಂದು ಎಲ್ಲರೂ ಒಪ್ಪಿದೆವು. ಶಿವಭಕ್ತರ ಗುಂಪಿನಲ್ಲಿ ಒಬ್ಬನಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗುರುಸಿದ್ದಯ್ಯನವರಿಗೆ ಸೋಮವಾರ ಉಪವಾಸದ ಜೊತೆ ಮೌನ.

ಹೋಗಿ ನಿಂತರೆ ಅವರು ನಕ್ಕು, ಚಾಪೆಯ ಕಡೆ ಕೈ ತೋರಿಸಿದರು. ಕೂತೆವು. ವೀರಭದ್ರಯ್ಯ ಎದ್ದು ನಿಂತು, ಹುಡುಗರನ್ನು ಯಾಕೆ ಕಳಿಸಲಿಲ್ಲವೆಂದು ಸ್ಪಷ್ಟವಾಗಿ ಕೇಳಿದ. ಎರಡು ಸಲ ಬಾರದ ಮಾತು ಆವತ್ತು ಸಲೀಸಾಗಿ ಬಂತು. ಗುರುಸಿದ್ದಯ್ಯನವರು ಬಾಯಿಯ ಮೇಲೆ ಬೆರಳಿಟ್ಟು, ಮತ್ತೆ ನಕ್ಕು, ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಎದ್ದು ಬರುವುದು ಸುಲಭವಾಗಿತ್ತು. ವೀರಭದ್ರಯ್ಯ ಮತ್ತೆ ಚಾಪೆಯ ಮೇಲೆ ಕೂತ. ಸಂಜೆ ಮೌನ ಮುಗಿಯಬೇಕಲ್ಲ, ಕಾಯೋಣ ಎಂದ. ಉಪವಾಸದಲ್ಲಿ ನಾವು, ಉಪವಾಸದಲ್ಲಿ ಅವರು, ಒಂದೇ ತೊಟ್ಟಿಯಲ್ಲಿ ದಿನವಿಡೀ ಮುಖ ಮುಖ ನೋಡಿಕೊಂಡು ಕೂತೆವು. ಲಾಠಿ ಏಟಿನ ಚಳವಳಿಗಳು ಇದಕ್ಕಿಂತ ಹಗುರ.

ದೀಪ ಹಚ್ಚಿದ ಮೇಲೆ ಲಿಂಗಪೂಜೆಯಾಯಿತು. ಉಪವಾಸ ಬಿಡುವ ಹೊತ್ತು. ನಮಗೂ ಎಲೆ ಹಾಕಿದರು. ಮುಗಿಯಿತು, ಮತ್ತೆ ಗೊಜ್ಜು ಹೊಗಳಿ ಬರುವುದೇ ಎಂದುಕೊಂಡೆವು. ಬಡಿಸಿದ್ದಾಯಿತು. ಪಂಕ್ತಿಯ ಹಿರಿಯ ಅತಿಥಿ ಎಂದು ವೀರಭದ್ರಯ್ಯನನ್ನು ಮೊದಲ ಎಲೆಗೆ ಕೂರಿಸಿದ್ದರು. ಆ ಮನೆಯಲ್ಲಿ ಅವನು ತುತ್ತು ಎತ್ತದೆ ಉಳಿದವರು ಎತ್ತುವಂತಿಲ್ಲ. ಅತಿಥಿ ಉಣ್ಣದೆ ಯಜಮಾನರು ಅನ್ನ ಮುಟ್ಟುವುದಂತೂ ಇಲ್ಲವೇ ಇಲ್ಲ. ವೀರಭದ್ರಯ್ಯ ಅನ್ನವನ್ನು ನೋಡಿದ. ಎದುರಿಗೆ ಕೂತ ಗುರುಸಿದ್ದಯ್ಯನವರು ಅನ್ನವನ್ನು ನೋಡುವ ರೀತಿಯನ್ನು ನೋಡಿದ. ಎರಡು ಕೈಗಳನ್ನೂ ಕಂಕುಳಿಗೆ ಸೇರಿಸಿ ಕಟ್ಟಿಕೊಂಡ. ಮೊದಲೇ ಹೂಡಿಕೊಂಡು ಹೋದದ್ದಲ್ಲ ಅದು. ಹಸಿದವನಿಗೆ ಇನ್ನೊಬ್ಬನ ಹಸಿವು ಬೇಗ ಕಾಣುತ್ತದೆ, ಅಷ್ಟೆ.

"ಯಾಕಪ್ಪ ವೀರಭದ್ರಯ್ಯ, ಕೈ ಹಾಕು" ಎಂದರು ಗುರುಸಿದ್ದಯ್ಯನವರು. ಅವರ ಆವತ್ತಿನ ಮೊದಲ ಮಾತು.

"ಹಾಕ್ತೀನಿ ಯಜಮಾನ್ರೇ. ಹುಡುಗ್ರುನ್ನ ಮೈಸೂರಿಗೆ ಯಾಕೆ ಕಳಿಸ್ಲಿಲ್ಲ ಅಂತ ಹೇಳಿ, ಹಾಕ್ತೀನಿ."

"ಊಟ ಆಗ್ಲಿ, ಆಮೇಲೆ ಮಾತಾಡಾಣ."

"ಊಟ ಆದ್ಮೇಲೆ ನಂಗೆ ಬಾಯೇ ಬರಲ್ಲ. ಎರಡು ಸಲ ನೋಡ್ದೆ."

ಪಕ್ಕದಲ್ಲಿದ್ದ ಇನ್ನೊಬ್ಬ ಧರ್ಮದರ್ಶಿ, ಅನ್ನದ ಮುಂದೆ ಹಠ ಮಾಡಬಾರದು, ಮಳಿಗೆ ಯಾರದ್ದೆಂಬುದು ನೆನಪಿರಲಿ ಎಂದ. ನೆನಪಿದೆ ಎಂದ ವೀರಭದ್ರಯ್ಯ, ಕೈ ಬಿಚ್ಚಲಿಲ್ಲ. ಸಾರಿನ ಹಬೆ ನಿಂತಿತು. ತುಪ್ಪ ಅನ್ನದ ಮೇಲೆ ಹೆಪ್ಪುಗಟ್ಟತೊಡಗಿತು. ಯಾರದೋ ಹೊಟ್ಟೆ ಗುರ್ರೆಂದಿತು. ಅದು ಅಧ್ಯಕ್ಷರದು ಎಂದು ಎಲ್ಲರಿಗೂ ಗೊತ್ತಾಗಿ ಎಲ್ಲರೂ ಎಲೆ ನೋಡಿದೆವು. ಆಗ ಅಡಿಗೆಮನೆಯ ಬಾಗಿಲ ಹಿಂದಿನಿಂದ ಅವರ ಹೆಂಡತಿ ಬಸವಲಿಂಗಮ್ಮನ ದನಿ ಬಂತು:

"ಏನಂದ್ರೆ, ಹೇಳ್ಬಾರ್ದಾ? ನಿದ್ದೆ ಬಂತು ಅನ್ನೋಕೆ ಅಷ್ಟು ನಾಚ್ಕೆಯಾ?"

ಗುರುಸಿದ್ದಯ್ಯನವರು ಬಾಗಿಲ ಕಡೆ ನೋಡಿದರು. ಆಮೇಲೆ ಹೇಳಿದರು. ಅಪ್ಪಣೆಯ ಕಾಗದ ಪಂದ್ಯದ ಹಿಂದಿನ ದಿನ, ಸೋಮವಾರ ಬೆಳಗ್ಗೆ, ಅವರ ಸಹಿಗೆ ಬಂದಿತ್ತು. ಸೋಮವಾರ ಪೂಜೆಯಾಗುವವರೆಗೆ ಅವರು ಲೇಖನಿ ಮುಟ್ಟುವುದಿಲ್ಲ. ರಾತ್ರಿ ಸಹಿ ಮಾಡಿದರಾಯಿತೆಂದು ಮಂಚದ ಬದಿಗಿಟ್ಟರು.

"ದಿನ್ವೆಲ್ಲ ಉಪ್ವಾಸ ಇದ್ದವ್ನು ಉಂಡೆ. ನಿದ್ದೆ ಬಂತು. ಎದ್ದಾಗ ಬಿಸ್ಲು ಬಂದಿತ್ತು. ಇದನ್ನ ಪ್ರಿನ್ಸಿಪಾಲ್ರಿಗೆ ಹೇಗಪ್ಪ ಹೇಳಾದು?"

"ಹುಡುಗ್ರದೇನೂ ತಪ್ಪಿಲ್ಲ?"

"ಹುಡುಗ್ರದೇನಿದೆ ತಪ್ಪು."

"ಇದನ್ನೇ ಕಾಲೇಜ್ ಡೇ ದಿವ್ಸ ಬಯಲಲ್ಲಿ ಎಲ್ಲರ ಮುಂದೆ ಹೇಳ್ಬೇಕು."

ಹೇಳುತ್ತೇನೆ ಎಂದರು ಗುರುಸಿದ್ದಯ್ಯನವರು. ವೀರಭದ್ರಯ್ಯ ಕೈ ಬಿಚ್ಚಿ ತುತ್ತು ಎತ್ತಿದ.

ಮಾರನೆಯ ದಿನದಿಂದಲೇ ನಾವು ಊರ ತುಂಬ ಹೇಳಿಕೊಂಡು ಬಂದೆವು. ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಮನುಷ್ಯರು ನಿದ್ದೆ ಮಾಡಿ ಫೈನಲ್ ಕಳೆಯುತ್ತಾರೆಯೇ, ಸುಳ್ಳು ಹೇಳುವುದಾದರೆ ಸ್ವಲ್ಪ ಚೆನ್ನಾಗಿರುವುದನ್ನು ಹೇಳಿ ಎಂದರು. ದುಡ್ಡು ತಿಂದ ಕತೆ ಅವರಿಗೆ ಹೆಚ್ಚು ಹಿಡಿಸಿತ್ತು. ನಿದ್ದೆಯ ಮಾತು ಗುರುಸಿದ್ದಯ್ಯನವರ ಬಾಯಿಂದಲೇ ಬರಬೇಕಿತ್ತು.

ಕಾಲೇಜ್ ಡೇ ಬಂತು. ಬಯಲು ತುಂಬಿತ್ತು. ಗುಬ್ಬಿಯ ಆ ಬೀಗರೂ ಬಂದಿದ್ದರು. ಶಿವರುದ್ರಮ್ಮ ಹೇಳಿ ಕಳಿಸಿದ್ದಳು. ಗುರುಸಿದ್ದಯ್ಯನವರು ಕ್ರೀಡೆಯಿಂದ ದೇಹಕ್ಕೂ ಮನಸ್ಸಿಗೂ ಆಗುವ ಪ್ರಯೋಜನಗಳನ್ನು ವಿವರವಾಗಿ ಹೇಳಿ ಕೂತರು. ವೀರಭದ್ರಯ್ಯ ಗುಂಪಿನ ನಡುವೆ ಎದ್ದು ನಿಂತ.

"ಯಜಮಾನ್ರೇ, ಹೇಳ್ತೀನಿ ಅಂದಿದ್ರಿ."

ಗುರುಸಿದ್ದಯ್ಯನವರು ಬಾಯಿ ತೆರೆದರು. ಅವರು ಹೇಳಿಯೇಬಿಡುತ್ತಿದ್ದರೆಂದು ನನಗೆ ಈಗಲೂ ಅನ್ನಿಸುತ್ತದೆ. ಅಷ್ಟರಲ್ಲಿ ಆ ಇನ್ನೊಬ್ಬ ಧರ್ಮದರ್ಶಿ ಮೈಕಿನ ಮುಂದೆ ಬಂದು, ಎಲೆಯ ಮುಂದೆ ಆಡಿದ ಮಾತನ್ನು ಬೀದಿಗೆ ತರುವವನು ಎಂಥವನು ಎಂದು ಸಭೆಯನ್ನೇ ಕೇಳಿದ. ಸಭೆಗೆ ಅದು ನ್ಯಾಯವೆನ್ನಿಸಿತು. ಹೋದ ವರ್ಷ ಅವನ ಪಕ್ಕದಲ್ಲೇ ಕೂತು ಕೂಗಿದವರು, ಕೂತ್ಕೊಳಯ್ಯ, ಉಂಡು ಬಂದು ಆಡ್ಕೊಂತೀಯಾ ಎಂದರು. ಅಂಗಿ ಹಿಡಿದೆಳೆದು ಕೂರಿಸಿದರು. ಅಧ್ಯಕ್ಷರು ತೆರೆದ ಬಾಯಿ ಮುಚ್ಚಿಕೊಂಡರು. ಗುಬ್ಬಿಯ ಬೀಗರು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಯುಗಾದಿಗೆ ಮೊದಲು ಮಳಿಗೆ ಖಾಲಿ ಮಾಡಿಸಿದರು. ವೀರಭದ್ರಯ್ಯ ಪಂಪು, ಪಾನಾ, ಹೆಂಡತಿ ಸಮೇತ ಗುಬ್ಬಿಗೆ ಹೋಗಿ ಬಸ್‌ಸ್ಟ್ಯಾಂಡಿನ ಬಳಿ ಸೈಕಲ್ ಶಾಪ್ ಇಟ್ಟ. ವ್ಯಾಪಾರ ಅಲ್ಲೇ ಚೆನ್ನಾಗಿತ್ತು. ಟ್ರಸ್ಟಿನವರು ಓಡಿಸಿದ್ದೇ ಒಳ್ಳೆಯದಾಯಿತು ಎಂದು ಯಾರಾದರೂ ಅಂದರೆ, ಹೂಂ, ಅದಕ್ಕೆ ಅವರಿಗೊಂದು ಹಾರ ಹಾಕ್ಬೇಕು ಎನ್ನುತ್ತಿದ್ದ. ರುದ್ರಯ್ಯ ಓದು ಮುಂದುವರಿಸಲಿಲ್ಲ. ಮಾರ್ಕೋನಹಳ್ಳಿ ನಾಲೆಯ ಮೇಲೆ ನೀರು ಬಿಡುವ ಕೆಲಸ ಸಿಕ್ಕಿತು. ಮೂರು ವರ್ಷದ ಮೇಲೆ ಆ ಕಡೆಯದೇ ಹುಡುಗಿಯನ್ನು ಮದುವೆಯಾದ. ಕಬಡ್ಡಿ ಆಡುವ ಜಾಗಕ್ಕೆ ಮತ್ತೆ ಹೋಗಲಿಲ್ಲ. ತುಮಕೂರಿನವರು ಯಾರಾದರೂ ಬಂದರೆ ತೂಬಿನ ಆಚೆ ಬದಿಗೆ ಹೋಗಿ ನಿಲ್ಲುತ್ತಾನೆ.

ವೀರಭದ್ರಯ್ಯ ೧೯೬೬ರಲ್ಲಿ ತೀರಿಕೊಂಡ. ಅದಕ್ಕೂ ಎರಡು ವರ್ಷ ಮೊದಲೇ ಗುರುಸಿದ್ದಯ್ಯನವರು ಹೋಗಿದ್ದರು. ಹೇಳಬೇಕಾದ ಬಾಯಿ ಇಲ್ಲ, ಕೇಳಿದ ಬಾಯಿಯೂ ಇಲ್ಲ. ಆ ಪಂಕ್ತಿಯಲ್ಲಿ ಕೂತಿದ್ದ ನಾವು ಕೆಲವರು ಇನ್ನೂ ಇದ್ದೇವೆ. ಬಸವಲಿಂಗಮ್ಮನವರೂ ಇದ್ದಾರೆ, ಹೋಗಿ ಕೇಳಿದರೆ ಈಗಲೂ ನಿದ್ದೆ ಎಂದೇ ಹೇಳುತ್ತಾರೆ.

ಇದನ್ನು ಓದುತ್ತಿರುವ ನೀವು ತುಮಕೂರಿನವರೋ, ಗುಬ್ಬಿಯವರೋ, ಕುಣಿಗಲ್ಲಿನವರೋ ಆಗಿದ್ದರೆ ಆ ಕತೆಯನ್ನು ಕೇಳಿಯೇ ಇರುತ್ತೀರಿ. ಕೇಳಿದ ಮೇಲೆ ಇನ್ನೊಬ್ಬರಿಗೆ ಹೇಳಿಯೂ ಇರುತ್ತೀರಿ. ರುದ್ರಯ್ಯ ದುಡ್ಡು ತಿಂದನೆಂದು ಯಾರಿಗೆಲ್ಲ ಹೇಳಿದ್ದೀರೋ ನೆನಪು ಮಾಡಿಕೊಳ್ಳಿ. ಒಬ್ಬೊಬ್ಬರ ಮನೆಗೂ ಹೋಗಿ, ತಿನ್ನಲಿಲ್ಲವೆಂದು ಹೇಳಿ ಬನ್ನಿ.