ಐದನೆಯ ಚಮಚ

ನಮ್ಮ ಚರ್ಚಿನ ಬಾಗಿಲು ದಾಟಿದ ಕೂಡಲೇ, ಚಪ್ಪಲಿ ಬಿಡುವ ಜಾಗದ ಮೇಲಿನ ಗೋಡೆಯಲ್ಲಿ ಮೂವತ್ತೊಂದು ಮೊಳೆಗಳಿದ್ದವು. ಒಂದೊಂದು ಮೊಳೆಗೆ ಒಂದೊಂದು ಬಟ್ಟೆಯ ಚೀಲ, ಚೀಲದ ಮೇಲೆ ಮನೆಯ ಹೆಸರು. ಅನ್ನಕ್ಕಿಡುವ ಮುಂಚೆ ನಮ್ಮ ಹೆಂಗಸರು ಅಳೆದ ಅಕ್ಕಿಯಿಂದ ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಚಮಚ ತೆಗೆದಿಡುತ್ತಿದ್ದರು. ತೆಗೆಯುವಾಗ ಆ ಹೆಸರು ಹೇಳಿ, ಅವರಿಗಾಗಿ ದೇವರಲ್ಲಿ ಒಂದು ಮಾತು ಕೇಳಿಕೊಳ್ಳಬೇಕು. ಹಾಗೆ ಕೂಡಿದ ಅಕ್ಕಿ ಭಾನುವಾರ ಚೀಲದಲ್ಲಿ ಬರುತ್ತಿತ್ತು. ಪಾಸ್ಟರ ಮನೆಯವರು ಅದನ್ನೇ ಉಣ್ಣುತ್ತಿದ್ದರು, ಮಿಕ್ಕಿದ್ದು ಇಲ್ಲದವರ ಮನೆಗೆ ಹೋಗುತ್ತಿತ್ತು. ನಾವು ಅದನ್ನು ದೇವರ ಅಕ್ಕಿ ಎನ್ನುತ್ತಿದ್ದೆವು.

ಚೀಲ ಬಿಚ್ಚಿ ದೊಡ್ಡ ಜಾಡಿಗೆ ಸುರಿಯುವ ಕೆಲಸ ಹತ್ತೊಂಬತ್ತು ವರ್ಷ ನನ್ನದಾಗಿತ್ತು. ಈ ಸೇವೆಯಿಂದ ನನಗೆ ವಿನಯ ಬಂದಿರಬೇಕು ಎಂದು ನೀವು ಭಾವಿಸಿದರೆ ತಪ್ಪು. ಬಂದದ್ದು ಊರಿನ ಹುಳುಕು ಹುಡುಕುವ ಚಾಳಿ. ಯಾರ ಅಕ್ಕಿಯಲ್ಲಿ ಕಲ್ಲು, ಯಾರದರಲ್ಲಿ ಹುಳ, ಯಾರು ವಾರವಿಡೀ ಮರೆತು ಭಾನುವಾರ ಬೆಳಗ್ಗೆ ಒಂದು ಬಟ್ಟಲು ಸುರಿದು ತಂದಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು. ಚಮಚ ಚಮಚವಾಗಿ ಕೂಡಿದ ಅಕ್ಕಿಗೆ ಅಡುಗೆಮನೆಯ ಹೊಗೆಯ ವಾಸನೆ ಹತ್ತಿರುತ್ತದೆ, ಗಡಿಬಿಡಿಯ ಅಕ್ಕಿಗೆ ಇರುವುದಿಲ್ಲ.

ದುಶಿಕನ ಅಮ್ಮನ ಅಕ್ಕಿಯಲ್ಲಿ ಆ ವಾಸನೆ ಯಾವಾಗಲೂ ಇರುತ್ತಿತ್ತು. ಅವಳ ಹೆಸರು ಬಾಂಗ್ ಒಕ್‌ಸಿಮ್, ಆದರೆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಸಮುದ್ರದ ಇಳಿತದ ಹೊತ್ತಿಗೆ ದಡದ ಕೆಸರಿಗಿಳಿದು ಕಪ್ಪೆಚಿಪ್ಪು ಆಯುತ್ತಿದ್ದಳು. ಗಂಡ ಟಾಕ್, ಯೊಸು ಬಂದರಿಗೆ ಹೋಗಿಬರುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ದುಶಿಕ್, ದುಹೋ ಎಂದು ಇಬ್ಬರು ಗಂಡುಮಕ್ಕಳು. ಮನೆಗೆ ನಾಲ್ಕು ಜನ, ಹೊತ್ತಿಗೆ ನಾಲ್ಕು ಚಮಚ.

ಅರವತ್ತೇಳನೆಯ ಇಸವಿಯ ಶರತ್ಕಾಲದಲ್ಲಿ ಟಾಕ್ ಏಳು ವರ್ಷದ ಒಂದು ಹೆಣ್ಣುಮಗುವಿನ ಕೈಹಿಡಿದು ಮನೆಗೆ ಬಂದ. ಯೊಸುವಿನಲ್ಲಿ ಅವನಿಗೊಬ್ಬಳು ಇದ್ದಾಳೆ ಎಂಬುದು ಅವನ ಹೆಂಡತಿಯನ್ನು ಬಿಟ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ. "ಇದರ ತಾಯಿ ತೀರ್ಕೊಂಡ್ಳು, ಇನ್‌ಸುನ್ ಅಂತ ಹೆಸರು," ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದನಂತೆ. ದುಶಿಕನ ಅಮ್ಮ ಮಗುವನ್ನು ಒಂದು ಗಳಿಗೆ ನೋಡಿ, ಊಟ ಆಯಿತೇ ಎಂದು ಕೇಳಿ, ಬಟ್ಟಲಿಗೆ ಅನ್ನ ಬಡಿಸಿದಳು. ಗಂಡನ ಜೊತೆ ಒಂದೂವರೆ ತಿಂಗಳು ಮಾತಾಡಲಿಲ್ಲ. ಮಗುವಿನ ಮೇಲೆ ಕೈ ಎತ್ತಲಿಲ್ಲ. ಅನ್ನ ಎಲ್ಲರಿಗೂ ಒಂದೇ ಅಳತೆ, ಹಬ್ಬಕ್ಕೆ ಎಲ್ಲರಿಗೂ ಹೊಸಬಟ್ಟೆ, ಹುಡುಗಿ ಶಾಲೆಗೂ ಹೋದಳು. ಇಂಥ ಎದೆಗಾರಿಕೆ ಯಾರಿಗಿದೆ ಎಂದು ಊರು ಹೊಗಳಿತು.

ಆದರೆ ಚೀಲದ ಅಕ್ಕಿ ಹೆಚ್ಚಲಿಲ್ಲ.

ಎರಡು ತಿಂಗಳು ನೋಡಿದೆ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತಿತ್ತು, ಅದು ನಾಲ್ಕು ಜನರ ಅಕ್ಕಿ. ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕುವ ದಿನ ಅವಳ ಪಕ್ಕದಲ್ಲೇ ಕೂತು ಕೇಳಿದೆ.

"ದುಶಿಕನ ಅಮ್ಮ, ನಿಮ್ಮನೇಲಿ ಈಗ ಎಷ್ಟು ಜನ?"

"ಯಾಕಕ್ಕ, ಜನಗಣತಿ ಕೆಲಸ ಸಿಕ್ತಾ ನಿಮಗೆ?"

"ಚೀಲ ನೋಡಿದ್ರೆ ನಾಲ್ಕೇ ಜನ ಅನ್ಸುತ್ತೆ."

ಅವಳು ಕೋಸಿನ ಎಲೆಗೆ ಖಾರ ಸವರುವುದನ್ನು ನಿಲ್ಲಿಸಲಿಲ್ಲ. "ತಾಯಿಲ್ಲದ ಮಗು. ಅದರ ಬಟ್ಟಲಿಂದ ಒಂದು ಚಮಚ ಕಿತ್ಕೊಂಡು ದೇವರಿಗೆ ಕೊಡ್ಲಾ? ದೇವರಾದ್ರೂ ಮೆಚ್ತಾನಾ?"

ಉತ್ತರ ಎಷ್ಟು ಭಕ್ತಿಯಿಂದ ಕೂಡಿತ್ತು ಎಂದರೆ ನಾನು ಬಾಯಿ ಮುಚ್ಚಿಕೊಂಡೆ. ಒಪ್ಪಿ ಮುಚ್ಚಿಕೊಂಡದ್ದಲ್ಲ. ಅವಳ ನಾಲಗೆಗೆ ಸಿಕ್ಕಿಬೀಳುವುದು ಬೇಡವಾಗಿತ್ತು, ಅಷ್ಟೇ. ಆಮೇಲೆ ಪ್ರತಿ ಭಾನುವಾರ ಆ ಚೀಲ ಎತ್ತುವಾಗ ಈ ಸಲ ಕೇಳಬೇಕು ಅಂದುಕೊಳ್ಳುವುದು, ಜಾಡಿಗೆ ಸುರಿದು ಮುಚ್ಚಳ ಹಾಕುವುದು. ಹೀಗೆ ಐದು ವರ್ಷ ಕಳೆಯಿತು.

ಐದನೆಯ ವರ್ಷ ಸುಗ್ಗಿಯ ಕೃತಜ್ಞತೆಯ ಭಾನುವಾರಕ್ಕೆ ಮುಂಚೆ ಪಾಸ್ಟರು ನನ್ನನ್ನು ಕರೆದು, ದೇವರ ಅಕ್ಕಿಯನ್ನು ಒಂದು ವಾರವೂ ತಪ್ಪಿಸದವರು ಯಾರು ಎಂದು ಕೇಳಿದರು. ದುಶಿಕನ ಅಮ್ಮ ಎಂದೆ. ಸುಳ್ಳೇನಲ್ಲ. ಅವರು ಆ ಚೀಲವನ್ನು ವೇದಿಕೆಯ ಮೇಲೆ ಎತ್ತಿಹಿಡಿದು, "ಈ ಮನೆಯನ್ನು ನೋಡಿ ಕಲೀರಿ," ಎಂದು ಸಭೆಗೆಲ್ಲ ಹೇಳಿದರು. ದುಶಿಕನ ಅಮ್ಮ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಹನ್ನೆರಡು ವರ್ಷದ ಇನ್‌ಸುನ್ ಬೆನ್ನು ನೆಟ್ಟಗೆ ಮಾಡಿಕೊಂಡು ಸುತ್ತ ನೋಡಿದಳು. ನಮ್ಮಮ್ಮನ ಚೀಲ ಎಂಬ ಹೆಮ್ಮೆ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೆ ಆಗ ನಾಚಿಕೆಯಾಯಿತು, ಆದರೂ ಸಭೆ ಹಾಡಿದಾಗ ನಾನೂ ಹಾಡಿದೆ.

ಆ ಜನವರಿಯಲ್ಲಿ ದುಶಿಕನ ಅಮ್ಮ ಎದೆಯ ಜ್ವರದಿಂದ ಮಲಗಿದಳು. ಅಡುಗೆ ಇನ್‌ಸುನ್‌ಳ ಪಾಲಿಗೆ ಬಂತು. ಮಲಗಿದ ಕೋಣೆಗೂ ಕೆಳಗಿನ ಅಡುಗೆಮನೆಗೂ ನಡುವೆ ಇದ್ದದ್ದು ಕಾಗದ ಅಂಟಿಸಿದ ಒಂದು ಪುಟ್ಟ ಬಾಗಿಲು. ಅಕ್ಕಿಯ ಜಾಡಿಯ ಮುಚ್ಚಳ ತೆಗೆದ ಸದ್ದು, ಅಳೆದ ಸದ್ದು, ಆಮೇಲೆ ಹುಡುಗಿಯ ದನಿ ಕೇಳಿಸಿತಂತೆ.

"ಅಪ್ಪನ ದೋಣಿ ಸುಖವಾಗಿ ಬರ್ಲಿ. ಅಮ್ಮನ ಜ್ವರ ಬಿಡ್ಲಿ. ದುಶಿಕ್ ಅಣ್ಣ ಪರೀಕ್ಷೆ ಪಾಸಾಗ್ಲಿ. ದುಹೋ ಅಣ್ಣ ಯಾರ ಜೊತೇನೂ ಹೊಡೆದಾಡ್ದೆ ಇರ್ಲಿ. ಆಮೆನ್."

ಮುಚ್ಚಳ ಬಿತ್ತು. ಅಕ್ಕಿ ತೊಳೆಯುವ ನೀರಿನ ಸದ್ದು ಶುರುವಾಯಿತು. ದುಶಿಕನ ಅಮ್ಮ ತೆವಳಿಕೊಂಡು ಹೋಗಿ ಬಾಗಿಲು ತೆಗೆದಳು.

"ಒಂದು ಬಿಟ್ಟೆ," ಎಂದಳು.

"ಇಲ್ಲಮ್ಮ. ನಾಲ್ಕು ಹಾಕ್ದೆ. ನೀವು ಹಾಕೋ ಹಾಗೇ."

"ಐದನೇದು?"

ಹುಡುಗಿ ಒದ್ದೆ ಕೈ ಹಿಡಿದುಕೊಂಡೇ ಯೋಚಿಸಿದಳು. "ಯಾರಾದ್ರೂ ಬರ್ತಾರಾ ಅಮ್ಮ?"

ಇದನ್ನೆಲ್ಲ ದುಶಿಕನ ಅಮ್ಮ ನನಗೆ ಹೇಳಿದ್ದು ಎರಡು ದಿನ ಬಿಟ್ಟು. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ಹಿಮ ತುಳಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಕೂರು ಎಂದರೂ ಕೂರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹಿಡಿದು ಕೇಳ್ಲಿಲ್ಲ?"

"ಕಿಮ್ಚಿ ಹಾಕೋ ದಿನ ಕೇಳಿದ್ನಲ್ಲ."

"ಒಂದು ಸಲ ಕೇಳಿದ್ರೆ ಬಗ್ಗೋ ಹೆಂಗಸಾ ನಾನು? ಇಷ್ಟು ವರ್ಷದಲ್ಲಿ ಅಷ್ಟೂ ಗೊತ್ತಾಗಿಲ್ವಾ ನಿಮಗೆ?"

ಅವಳೇ ಮುಂದುವರಿಸಿದಳು. ಆ ಮಗು ಬಂದ ಮರುದಿನ ಬೆಳಗ್ಗೆ ಐದನೆಯ ಚಮಚ ತುಂಬಿದ್ದಳಂತೆ. ಹೆಸರು ಮಾತ್ರ ಹೇಳಲಾಗಲಿಲ್ಲ. ಇವತ್ತು ಬೇಡ, ಮನಸ್ಸು ಸರಿಹೋದ ಮೇಲೆ ನಾಳೆ ಹಾಕೋಣ ಎಂದು ಅಕ್ಕಿಯನ್ನು ವಾಪಸು ಸುರಿದಳು. ಮರುದಿನ ಚಮಚ ತುಂಬಲೇ ಇಲ್ಲ. ತಿಂಗಳು ಕಳೆಯುವುದರೊಳಗೆ ಕೈ ತಾನಾಗಿ ನಾಲ್ಕಕ್ಕೆ ನಿಲ್ಲತೊಡಗಿತು, ಏನೋ ಬಿಟ್ಟಿದ್ದೇನೆ ಎಂಬ ನೆನಪೂ ಉಳಿಯಲಿಲ್ಲ. ಕಿಮ್ಚಿಯ ದಿನ ನನಗೆ ಹೇಳಿದ ಆ ಭಕ್ತಿಯ ಮಾತು ನಾನು ಕೇಳಿದ ಗಳಿಗೆಯಲ್ಲೇ ಬಾಯಿಗೆ ಬಂದದ್ದಂತೆ. ಹೇಳಿದ ಮೇಲೆ ತಾನೂ ಅದನ್ನು ನಂಬಿದಳು.

"ಅವಳಿಗೆ ಕೋಪ ಇದ್ದಿದ್ರೆ ತಡ್ಕೋತಿದ್ದೆ ಅಕ್ಕ," ಎಂದಳು. "ಕೋಪ ಇಲ್ಲ. ಭಕ್ತಿ ಅಂದ್ರೆ ನಾಲ್ಕು ಚಮಚ ಅಂತ ಕಲ್ತಿದಾಳೆ. ಪಾಸ್ಟರೇ ಹೇಳಿದಾರಲ್ಲ, ನಮ್ಮನೆ ನೋಡಿ ಕಲೀರಿ ಅಂತ."

"ಮತ್ತೆ ಅವತ್ತು ಹಾಕಿದ್ಯಾ?"

"ಅವಳ ಕೈಯಿಂದ ಚಮಚ ಇಸ್ಕೊಂಡೆ. ಹೆಸರು ಹೇಳ್ದೆ. ಆಮೇಲೆ ಮಾತೇ ಬರ್ಲಿಲ್ಲ. ಏನಂತ ಕೇಳ್ಲಿ? ಅವಳಿಗೆ ಏನು ಆಸೆ, ಏನು ಹೆದರಿಕೆ, ಒಂದೂ ನಂಗೊತ್ತಿಲ್ಲ. ಐದು ವರ್ಷ ಒಂದೇ ಸೂರಿನ ಕೆಳಗೆ ಇದ್ದೀವಿ."

ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ. ನನ್ನ ಅಳುವಿನಲ್ಲಿ ಅವಳ ಮೇಲಿನ ಕರುಣೆ ಅರ್ಧ, ನನ್ನ ಮೇಲಿನ ಅಸಹ್ಯ ಅರ್ಧ.

ಆ ಭಾನುವಾರ ಅವಳು ಪಾಸ್ಟರ ಬಳಿ ಹೋಗಿ ಎಲ್ಲ ಹೇಳಿ, ನನ್ನ ಚೀಲವನ್ನು ಮೊಳೆಯಿಂದ ತೆಗೆದುಬಿಡಿ ಎಂದಳು. ಅವರು ತೆಗೆಯಲಿಲ್ಲ. ಇನ್ನು ಐದು ಚಮಚದಂತೆ ತುಂಬಿ ತನ್ನಿ ಎಂದರು.

ಒಂದು ವಾರದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದುಶಿಕನ ಅಮ್ಮ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ಬೆಳಗಿನ ಅಡುಗೆ ಅವಳದು, ಐದು ಚಮಚ ಬೀಳುತ್ತಿತ್ತು. ಸಂಜೆ ಅವಳು ಕೆಸರಿನಿಂದ ಬಂದು ಕಾಲು ಚಾಚಿದ ಹೊತ್ತಿಗೆ ಇನ್‌ಸುನ್ ಅಕ್ಕಿ ಅಳೆಯುತ್ತಿದ್ದಳು. ನಾಲ್ಕು ಹೆಸರು ಹೇಳುವಳು, ಕೈ ನಿಲ್ಲುವುದು. ಒಳಗಿಂದ ಅಮ್ಮ "ಇನ್ನೊಂದು" ಎನ್ನುವಳು. ಹುಡುಗಿ ಐದನೆಯದನ್ನೂ ಹಾಕುವಳು, ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಹೇಳಿದ್ದಕ್ಕೆ ಹಾಕಿದೆ ಎಂಬಂತೆ. ಮರುದಿನ ಮತ್ತೆ ನಾಲ್ಕಕ್ಕೇ ನಿಲ್ಲುವುದು. "ಅಮ್ಮನ ಗಡಿಯಾರ ಹೊಡೀತು," ಎಂದು ದುಹೋ ನಗುತ್ತಿದ್ದ. ನಿನಗೇನು ಬೇಕು ಎಂದು ಅಮ್ಮ ಕೇಳಿದರೆ ಹುಡುಗಿಯದು "ಏನೂ ಬೇಡಮ್ಮ" ಎಂಬ ಒಂದೇ ಉತ್ತರ. ಗಂಡುಮಕ್ಕಳು ತಾಯಿಯನ್ನು ಏಕವಚನದಲ್ಲಿ ಕರೆದು ಬೇಕುಬೇಕಾದ್ದಕ್ಕೆಲ್ಲ ಕಾಡುತ್ತಿದ್ದರು. ಇನ್‌ಸುನ್ ಒಬ್ಬಳೇ "ನೀವು" ಎನ್ನುವವಳು, ಏನನ್ನೂ ಕೇಳದವಳು.

ದುಶಿಕನ ಅಮ್ಮ ಬೇಸರ ಬಂದು ಬಿಟ್ಟುಬಿಡುತ್ತಾಳೆ ಎಂದು ನಾನು ನಿರೀಕ್ಷಿಸಿದೆ. ಬಿಡಲಿಲ್ಲ. ಕೆಸರಿನ ಸಂಜೆ, ಗಂಡನ ಜೊತೆ ಜಗಳವಾದ ಸಂಜೆ, ದುಶಿಕ್ ಸೈನ್ಯಕ್ಕೆ ಹೋದ ಸಂಜೆ, ಒಂದು ದಿನವೂ ತಪ್ಪದೆ "ಇನ್ನೊಂದು" ಎಂದಳು. ಮೊದಲು ಗದರಿದಂತೆ ಬರುತ್ತಿದ್ದ ಮಾತು ಬರಬರುತ್ತಾ ಮೆತ್ತಗಾಯಿತು. ಪಕ್ಕದ ಮನೆಯ ಸೊಸೆಯ ಮೇಲೆ ಕೂಗಾಡುವುದೂ ಕಡಿಮೆಯಾಯಿತು. ಈ ಬದಲಾವಣೆ ಅವಳ ಗಮನಕ್ಕೆ ಬಂದಂತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಹೀಗೆ ಎರಡು ಚಳಿಗಾಲ ಕಳೆದವು. ಮೂರನೆಯ ವರ್ಷದ ಮಾರ್ಚಿನಲ್ಲಿ ಒಂದು ಭಾನುವಾರ ಅವಳು ಎಲ್ಲರಿಗಿಂತ ಮುಂಚೆ ಚರ್ಚಿಗೆ ಬಂದಳು. ಚೀಲ ನನ್ನ ಕೈಗೆ ಕೊಟ್ಟು ಚಪ್ಪಲಿಗಳ ನಡುವೆಯೇ ಕೂತಳು.

"ನಿನ್ನೆ ಸಂಜೆ ನಾನು ಕೂಗಲಿಲ್ಲ ಅಕ್ಕ."

"ಮರೆತ್ಯಾ?"

"ಬಾಯಿ ತೆಗ್ದಿದ್ದೆ. ಅಷ್ಟರಲ್ಲಿ ಅವಳೇ ಐದನೇದು ತುಂಬಿದ್ಲು. ತನ್ನ ಹೆಸರು ತಾನೇ ಹೇಳ್ಕೊಂಡ್ಲು."

"ಏನು ಕೇಳ್ಕೊಂಡ್ಲು?"

ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. "'ಇನ್‌ಸುನ್‌ನ ಈ ಮನೆಯಿಂದ ಎಲ್ಲಿಗೂ ಕಳಿಸ್ಬೇಡ' ಅಂದ್ಲು. ಏಳು ವರ್ಷದಿಂದ ಅದೊಂದೇ ಹೆದರಿಕೆ ಇಟ್ಕೊಂಡು ಓಡಾಡ್ತಿದ್ಲು ನನ್ನ ಮುಂದೆ."

"ನೀನೇನು ಮಾಡ್ದೆ?"

"ಆಮೆನ್ ಅಂದೆ," ಎಂದಳು ದುಶಿಕನ ಅಮ್ಮ. "ಜೋರಾಗಿ. ಬಾಗಿಲಾಚೆ ಅವಳಿಗೆ ಕೇಳೋ ಹಾಗೆ."