ಗಾರ್ಡಮ್ಮ ಕುಣಿದ ಸಂಜೆ

ಹೋದ ವಾರ ಎದುರು ಮನೆಯ ಹುಡುಗನಿಗೆ ಮೈಮೇಲೆ ಅಮ್ಮ ಎದ್ದಿತ್ತು. ಅವನ ಅಜ್ಜಿ ಬಾಗಿಲ ಬಳಿ ಅರಿಶಿನದ ನೀರಿನಲ್ಲಿ ಬೇವಿನ ಸೊಪ್ಪು ನೆನೆಸಿಟ್ಟಿದ್ದರು. ಆ ಕಹಿ ಹಸಿ ವಾಸನೆ ಹಿರಿಯೂರಿನ ನಮ್ಮ ಸಣ್ಣ ಬೀದಿ ದಾಟಿ ನಮ್ಮ ಪಡಸಾಲೆಗೂ ಬಂತು. ಪೇಪರ್ ಓದುತ್ತಿದ್ದವನು ಕನ್ನಡಕ ತೆಗೆದಿಟ್ಟೆ. ಗಾರ್ಡಮ್ಮನ ಒದ್ದೆ ಪಾದಗಳು ಕಣ್ಣಿಗೆ ಕಟ್ಟಿದವು...

ಎಪ್ಪತ್ತರ ದಶಕದಲ್ಲಿ ನಾನು ಚಿಕ್ಕಜಾಜೂರು ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ನನ್ನ ಅಕ್ಕನ ಗಂಡ ಅಲ್ಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವರ ಕ್ವಾರ್ಟರ್ಸಿನಲ್ಲೇ ನನ್ನ ವಾಸ. ಪಕ್ಕದ ಮನೆ ಗೂಡ್ಸ್ ಗಾಡಿಯ ಗಾರ್ಡರದು. ರೈಲ್ವೆ ಕಾಲೊನಿಯಲ್ಲಿ ಹೆಂಗಸರಿಗೆ ಗಂಡನ ಕೆಲಸವೇ ಹೆಸರು, ಹಾಗಾಗಿ ಆಕೆ ಎಲ್ಲರಿಗೂ ಗಾರ್ಡಮ್ಮ. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ, ನಾಟ್ಯವನ್ನೂ ಕಲಿತು ಬಂದವರು. ಅಂಥವರು ಹಿಟ್ಟಿನ ಗಿರಣಿಯ ಮುಂದೆ ರಾಗಿ ಡಬ್ಬಿ ಹಿಡಿದು ನಿಲ್ಲುವುದನ್ನು ನೋಡಿದರೆ ನನಗೆ ಏನೋ ಸಂಕಟವಾಗುತ್ತಿತ್ತು.

ನಮ್ಮ ಅಕ್ಕನಿಗೆ ಒಬ್ಬಳೇ ಮಗಳು. ಸ್ವಲ್ಪ ಓಡಿದರೂ ಮಗುವಿನ ತುಟಿ ನೀಲಿಯಾಗುತ್ತಿತ್ತು. ಹೃದಯದಲ್ಲಿ ತೂತಿದೆ, ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಿ, ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಾರ್ಡಮ್ಮ ದಿನಾ ಬಂದು ಅಕ್ಕನಿಗೆ ತಿಳಿಹೇಳುತ್ತಿದ್ದರು. ಅಕ್ಕನದು ಒಂದೇ ಮಾತು: "ಎದೆ ಕೊಯ್ದ ಮ್ಯಾಲೆ ಜೀವ ಎಲ್ಲಿರ್ತೈತೆ? ನಾ ಕಳ್ಸಲ್ಲ ಕಣ್ರಿ." ಭಾವ, ನಾನು, ಯಾರು ಹೇಳಿದರೂ ಅಷ್ಟೆ.

ಆ ವರ್ಷ ಕಾಲೊನಿಯ ವಾರ್ಷಿಕೋತ್ಸವಕ್ಕೆ ಗಾರ್ಡಮ್ಮ ಒಂದು ಹೊಸ ಬಗೆಯ ನೃತ್ಯ ಮಾಡುತ್ತೇನೆಂದರು. ಮದರಾಸಿನ ಸಿನಿಮಾ ಲ್ಯಾಬಿನಲ್ಲಿದ್ದ ಅವರ ತಮ್ಮ, ಅವರು ಕಾಲೇಜಿನಲ್ಲಿದ್ದಾಗ ಕುಣಿದದ್ದನ್ನು ಸಣ್ಣ ರೀಲಿಗೆ ಹಿಡಿದಿದ್ದನಂತೆ. ಪರದೆಯ ಮೇಲೆ ಆ ರೀಲು ಓಡುವಾಗ ಅದರ ಮುಂದೆ ಇವರು ಕುಣಿಯುವುದು. ನನ್ನ ಹಾರ್ಮೋನಿಯಂ, ಭಜನೆ ಮೇಳದ ಇಬ್ಬರ ದಮ್ಮಡಿ ಮತ್ತು ತತ್ವಪದ.

"ಪರದೆ ಮೇಲಿರೋಳಿಗೆ ವಯಸ್ಸಾಗಲ್ಲ, ಮುಂದೆ ಕುಣಿಯೋಳಿಗೆ ಏದುಸಿರು ಬರುತ್ತೆ. ಇಬ್ಬರಲ್ಲಿ ನಾನು ಯಾರು? ಮೈ ನನ್ನದಾ, ಇಲ್ಲಾ ಮೈಯೇ ನಾನಾ? ಜನ ಇಷ್ಟು ಯೋಚನೆ ಮಾಡ್ಕೊಂಡು ಮನೆಗೆ ಹೋದ್ರೆ ಸಾಕು" ಎಂದು ನನಗೆ ವಿವರಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನಗೆ ತಿಳಿದದ್ದು ಯಾವ ಶ್ರುತಿ ಹಿಡಿಯಬೇಕೆಂಬುದಷ್ಟೆ.

ವಾರ್ಷಿಕೋತ್ಸವದ ಸಂಜೆ ಗಾರ್ಡಮ್ಮ ಪರದೆಯ ಮುಂದೆ ಬಂದು ನಿಂತರು. ಗೆಜ್ಜೆಯಿಲ್ಲ, ಒಡವೆಯಿಲ್ಲ. ಬರಿಗಾಲು, ಬಿಚ್ಚಿದ ಕೂದಲು. ಮೊದಲು ಮೆಲ್ಲಗೆ ತೂಗಿದರು. ಆಮೇಲೆ ಮೈಯನ್ನು ತನ್ನದಲ್ಲದ ವಸ್ತುವಿನಂತೆ ಒದರತೊಡಗಿದರು. ಹಿಂದಿನ ಬಿಳಿ ಬಟ್ಟೆಯ ಮೇಲೆ ಅವರದೇ ರೂಪ ಎರಡಾಳೆತ್ತರ ಕುಣಿಯುತ್ತಿತ್ತು. ಹೆಂಗಸರ ಸಾಲಿನಿಂದ ಯಾರೋ "ಅಮ್ಮ ಬಂದಾಳೆ!" ಎಂದು ಕೂಗಿದರು.

ಅಷ್ಟೇ ಸಾಕಾಯಿತು. ಒಬ್ಬರು ಬೇವಿನ ಕೊಂಬೆ ಮುರಿದು ತಂದರು, ಇನ್ನೊಬ್ಬರು ಅರಿಶಿನದ ನೀರನ್ನು ಕಾಲಿಗೆ ಸುರಿದರು. "ಇದು ನೃತ್ಯ ಕಣ್ರಮ್ಮಾ" ಎಂದು ಗಾರ್ಡಮ್ಮ ಹೇಳಿದ್ದು ನನಗೆ ಕೇಳಿಸಿತು, ಜನರಿಗೆ ಕೇಳಿಸಲಿಲ್ಲ. ನಾನು ಹಾರ್ಮೋನಿಯಂ ನಿಲ್ಲಿಸಿದೆ. ಮೇಳದವರು ನಿಲ್ಲಿಸಲಿಲ್ಲ, ಅವರೂ ನಂಬಿಬಿಟ್ಟಿದ್ದರು. ಆಗ ನಮ್ಮ ಅಕ್ಕ ಜನರನ್ನು ಸೀಳಿಕೊಂಡು ಬಂದು ಮಗುವನ್ನು ಆ ಪಾದಗಳ ಮೇಲೆ ಮಲಗಿಸಿದಳು.

"ತಾಯಿ, ನೀನಾರ ಹೇಳು. ಇದನ್ನ ಏನ್ ಮಾಡ್ಲಿ?"

ಗಾರ್ಡಮ್ಮ ನನ್ನ ಕಡೆ ನೋಡಿದರು. ನೀರಿಗೆ ಬಿದ್ದವರು ದಡದಲ್ಲಿರುವವರನ್ನು ನೋಡುವ ನೋಟ ಅದು. ನಾನೇನು ಮಾಡಲಿ... ಕೈಗಳು ಹಾರ್ಮೋನಿಯಂ ಮನೆಗಳ ಮೇಲೇ ಇದ್ದವು. ಅವರು ಕಣ್ಣು ಮುಚ್ಚಿ, ನಾನೆಂದೂ ಕೇಳಿರದ ದನಿಯಲ್ಲಿ, "ಕರ್ಕೊಂಡು ಹೋಗು. ಕೊಯ್ಸು" ಅಂದರು.

ಅಷ್ಟು ದಿನದಿಂದ ಯಾರ ಮಾತಿಗೂ ಜಗ್ಗದ ಅಕ್ಕ ಆ ವಾರವೇ ಬೆಂಗಳೂರಿನ ರೈಲು ಹತ್ತಿದಳು. ಗಾರ್ಡಮ್ಮನ ಜಾಣತನಕ್ಕೆ ನಾನು ಒಳಗೊಳಗೇ ಹಿಗ್ಗಿದೆ.

ಮಗು ತಿರುಗಿ ಬರಲಿಲ್ಲ. ಡಾಕ್ಟರು ಕೈಲಾದದ್ದನ್ನೆಲ್ಲ ಮಾಡಿದ್ದರು.

ಗಾರ್ಡಮ್ಮನ ಮೇಲೆ ಒಬ್ಬರೂ ಒಂದು ಮಾತು ಆಡಲಿಲ್ಲ. "ಅಮ್ಮ ಕರೆಸ್ಕಂಡ್ಲು" ಎಂದರು, ಮುಗಿಯಿತು. ಬದಲಿಗೆ ಮಗಳ ಮದುವೆ, ಕಳೆದುಹೋದ ಎಮ್ಮೆ, ಗಂಡನ ಕುಡಿತ ಎಂದು ಹೆಂಗಸರು ಹಣ್ಣುಕಾಯಿ ಹಿಡಿದು ಅವರ ಬಾಗಿಲಿಗೆ ಬರತೊಡಗಿದರು. ಗಾರ್ಡಮ್ಮ ಬಾಗಿಲು ತೆಗೆಯುತ್ತಿರಲಿಲ್ಲ. ಒಂದು ದಿನ ಎಲ್ಲ ಹೇಳಿಬಿಡಬೇಕೆಂದು ನಮ್ಮ ಮನೆಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಅವರ ಕಾಲಿಗೆ ಬಿದ್ದಳು. ಅವರು ಹಾಗೇ ಹಿಂತಿರುಗಿ ಹೋದರು.

ಆಮೇಲೊಮ್ಮೆ ಹಿತ್ತಲ ಗೋಡೆಯ ಆಚೆಯಿಂದ ನನಗೆ ಹೇಳಿದರು: "ನಿಮ್ಮಕ್ಕ ಬೈದಿದ್ರೆ ಕ್ಷಮೆ ಕೇಳಬಹುದಿತ್ತು. ಕೈ ಮುಗೀತಾರಲ್ಲ, ಏನು ಮಾಡಲಿ? ಅವತ್ತು ಆ ಮಾತು ಆಡಿದ್ದು ಯಾರು ಹೇಳಿ... ಅಷ್ಟು ಪುಸ್ತಕ ಓದಿದೆ, ನನಗೇ ಗೊತ್ತಾಗ್ತಿಲ್ಲ." ಏನಾದರೂ ಸಮಾಧಾನ ಹೇಳಬೇಕಿತ್ತು. ತಂತಿಯ ಮೇಲಿನ ಬಟ್ಟೆ ಎತ್ತಿಕೊಂಡು ಒಳಗೆ ಬಂದೆ.

ವರ್ಷ ತುಂಬುವ ಮೊದಲೇ ಗಾರ್ಡರು ಕೇಳಿ ವರ್ಗ ಮಾಡಿಸಿಕೊಂಡರು. ಆಕೆ ಮತ್ತೆ ಕುಣಿಯಲಿಲ್ಲವಂತೆ. ತೀರಿಕೊಂಡ ಸುದ್ದಿಯೂ ಬಹಳ ತಡವಾಗಿ, ಯಾರದೋ ಬಾಯಿಂದ ಬಂತು.

ಅಕ್ಕ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಕಣ್ಣು ಮಂಜಾಗಿದೆ, ನೆನಪು ಚುರುಕಾಗಿದೆ. ಮೊನ್ನೆ ನಾನು ಗಾರ್ಡಮ್ಮನ ಮಾತು ತೆಗೆದೆ. ಇಷ್ಟು ವಯಸ್ಸಾದ ಮೇಲಾದರೂ ನಿಜ ಹೇಳಿಬಿಡೋಣ, ಅಂದು ಮಾತಾಡಿದ್ದು ದೇವರಲ್ಲ, ನಿನ್ನ ಮಗು ಉಳಿಯಲೆಂದು ಒದ್ದಾಡಿದ ಪಕ್ಕದ ಮನೆಯವಳು ಎನ್ನೋಣ ಎಂದುಕೊಂಡಿದ್ದೆ. ಅಕ್ಕನೇ ಮೊದಲು ಬಾಯಿ ತೆರೆದಳು.

"ನನ್ ಮಗ್ಳು ಎಲ್ಲೂ ಹೋಗಿಲ್ಲ ಕಣೋ. ಕರ್ಕಂಡೋಗು ಅಂದಾಕಿ ತಾನೇ ಮಡ್ಲಾಗೆ ಇಟ್ಕಂಡಾಳೆ. ಅದೊಂದು ಗೊತ್ತಿರೋದಕ್ಕೆ ಇಷ್ಟ್ ದಿನ ಬದುಕಿದೀನಿ. ಅಲ್ಲೇನೋ?"

ಸತ್ತ ಗಾರ್ಡಮ್ಮನ ಪರವಾಗಿ ನಿಜ ಹೇಳಹೋಗಿ, ಬದುಕಿರುವ ಅಕ್ಕನಿಂದ ಆ ಮಗುವನ್ನು ನಾನು ಮತ್ತೆ ಹೇಗೆ ಕಿತ್ತುಕೊಳ್ಳಲಿ?

"ಹೂಂ ಅಕ್ಕ" ಅಂದೆ.